ಬೊಜ್ಜು

ಬೊಜ್ಜು (ನಾಮಪದ): ಹೊಟ್ಟೆಯ ಸುತ್ತ ಸೇರಿದ ಕೊಬ್ಬು, ವಿಸ್ತೃತಾರ್ಥದಲ್ಲಿ ಸ್ಥೂಲಕಾಯ.

ತೆಲುಗಿನಲ್ಲಿ ‘ಬೊಜ್ಜ’ ಎಂದರೆ ಹೊಟ್ಟೆ. ನಮ್ಮ ಪದ ಅದರ ಬಂಧು. ತುಳುನಾಡಿನ ಶಂಕರಪುರದ ಕಡೆ ಉಚ್ಚಾರದಲ್ಲಿ ಎಚ್ಚರ ಬೇಕು: ತುಳುವಿನ ‘ಬೊಜ್ಜ’ ಸತ್ತವರ ಉತ್ತರಕ್ರಿಯೆ. ‘ಕೊಬ್ಬು’ ಪದಕ್ಕೆ ಸೊಕ್ಕು ಎಂಬ ಅರ್ಥವೂ ಅಂಟಿದೆ. ಬೊಜ್ಜಿಗೆ ಆ ಬೈಗುಳವಿಲ್ಲ. ಬೊಜ್ಜು ಬರುತ್ತದೆ, ಬೆಳೆಯುತ್ತದೆ, ಕರಗುತ್ತದೆ. ಚರಕಸಂಹಿತೆ ಬೊಜ್ಜುಳ್ಳವರನ್ನು ‘ಅತಿಸ್ಥೂಲ’ ಎಂದು ಗುರುತಿಸಿದೆ.

ಪದ ಹೊಟ್ಟೆಯನ್ನೇ ತೋರಿಸುವುದು ವೈದ್ಯಕೀಯವಾಗಿಯೂ ಸರಿ. ಒಳಾಂಗಗಳ ಸುತ್ತ ಸೇರುವ ಕೊಬ್ಬು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳ ಅಪಾಯವನ್ನು ಹೆಚ್ಚಿಸುತ್ತದೆ. ಬೊಜ್ಜಿನ ಒಂದು ಅಳತೆ ಬಿಎಂಐ (ದೇಹ ತೂಕ ಸೂಚ್ಯಂಕ): ತೂಕವನ್ನು (ಕಿಲೋ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದರೆ ಸಿಗುವುದು. 165 ಸೆಂ.ಮೀ. ಎತ್ತರ, 70 ಕಿಲೋ ತೂಕವಿದ್ದರೆ 25.7; ಭಾರತೀಯರಿಗೆ 25 ದಾಟಿದರೆ ಬೊಜ್ಜು. ಆದರೆ ಬಿಎಂಐ ಸ್ನಾಯುವನ್ನೂ ಕೊಬ್ಬನ್ನೂ ಬೇರ್ಪಡಿಸದು. ಆದ್ದರಿಂದ ಟೇಪು ಬೇಕು: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಿ, ಉಸಿರು ಬಿಟ್ಟಾಗ ಅಳೆಯಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ.

ಗಂಟೆಗಟ್ಟಲೆ ಕೂತು ಮಲ್ಲಿಗೆ ಕಟ್ಟುವ ಶಂಕರಪುರದ ತಾಯಂದಿರು ನಡುನಡುವೆ ಎದ್ದು ಓಡಾಡಲಿ, ವರ್ಷಕ್ಕೊಮ್ಮೆಯಾದರೂ ಸೊಂಟ ಅಳೆದುಕೊಳ್ಳಲಿ.