ರೈಜೋಬಿಯಂ ಜೀವಾಣು ಗೊಬ್ಬರ

ದ್ವಿದಳ ಬೆಳೆಗಳ ಬೇರಿನಲ್ಲಿ ಗಂಟು ಕಟ್ಟಿಕೊಂಡು, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಬಿತ್ತನೆ ಬೀಜಕ್ಕೆ ಲೇಪಿಸಲು ಮಾಡುವ ತಯಾರಿಕೆ. ಸಾರಜನಕದ ಕೊರತೆಯಿರುವ ನೆಲದಲ್ಲಿ ಇದರ ಗುಣ ಎದ್ದು ಕಾಣುತ್ತದೆ.

ಕಾಳು ಬೆಳೆದ ಹೊಲ ಮುಂದಿನ ಬೆಳೆಗೆ ಒಳ್ಳೆಯದೆಂದು ರೈತರು ಬಹುಕಾಲದಿಂದ ಬಲ್ಲರು. ಕಾರಣ ತಿಳಿದದ್ದು ತಡವಾಗಿ. ಜರ್ಮನಿಯ ಬೆರ್ನ್‌ಬುರ್ಗ್‌ನಲ್ಲಿ ಹೆಲ್ರೀಗೆಲ್ ಮತ್ತು ವಿಲ್ಫಾರ್ಟ್ ಮರಳಿನ ಕುಂಡಗಳಲ್ಲಿ ಓಟ್ಸ್, ಬಟಾಣಿ ಬೆಳೆಸಿದರು. ಓಟ್ಸ್ ಸಾರಜನಕ ಕೊಡುವ ನೈಟ್ರೇಟ್ ಹಾಕಿದಷ್ಟೇ ಬೆಳೆಯಿತು. ಬಟಾಣಿ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ: ನೈಟ್ರೇಟ್ ಇಲ್ಲದ ಒಂದು ಕುಂಡದಲ್ಲಿ ಸೊಂಪಾಗಿ ಎದ್ದರೆ ಪಕ್ಕದ್ದರಲ್ಲಿ ಸೊರಗಿತು. ಕಾಯಿಸಿ ಜೀವಾಣು ಕೊಂದ ಮರಳಿನಲ್ಲಿ ಬೇರಿಗೆ ಗಂಟು ಬರಲಿಲ್ಲ. ಹೊಲದ ಮಣ್ಣು ಕದಡಿದ ನೀರು ಹನಿಸಿದಾಗ ಬಂತು. ಇದನ್ನು ಅವರು 1886ರಲ್ಲಿ ಬರ್ಲಿನ್‌ನಲ್ಲಿ ಪ್ರಕಟಪಡಿಸಿದರು. 1888ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು.

ವಿಜ್ಞಾನಿಗಳಾದ ನೋಬೆ ಮತ್ತು ಹಿಲ್ಟ್ನರ್ ಈ ಬ್ಯಾಕ್ಟೀರಿಯಾವನ್ನೇ ‘ನೈಟ್ರಾಜಿನ್’ ಎಂಬ ಹೆಸರಿನಲ್ಲಿ ಮಾರಾಟದ ಸರಕಾಗಿಸಿ 1896ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ವಿಜ್ಞಾನದ ಗಂಟು ಬಿಡಿಸಿದಷ್ಟು ಸುಲಭವಾಗಿ ಪೊಟ್ಟಣದ ಗಂಟು ಬಿಡಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೃಷಿ ಇಲಾಖೆ ಜೀವಾಣುಗಳನ್ನು ಹತ್ತಿಯ ಮೇಲೆ ಒಣಗಿಸಿ ಹಂಚಿತು. ಒಣಗಿದ್ದೇ ತಡ ಅವುಗಳಲ್ಲಿ ಬಹುಪಾಲು ಸತ್ತವು. ತೇವ ಹಿಡಿದಿಡುವ ಪೀಟ್ ಮಣ್ಣು ಬಳಕೆಗೆ ಬಂದ ಮೇಲೆ ವ್ಯವಹಾರ ನೆಲೆಗೊಂಡಿತು. ಪೀಟ್ ಅಪರೂಪವಾದ ಭಾರತದಲ್ಲಿ ಲಿಗ್ನೈಟ್, ಇದ್ದಿಲ ಪುಡಿ ಆ ಜಾಗಕ್ಕೆ ಬಂದವು.

ಭಾರತದಲ್ಲಿ ವಿಜ್ಞಾನಿ ಎನ್. ವಿ. ಜೋಶಿ 1920ರಲ್ಲೇ ಈ ಜೀವಾಣುಗಳ ಅಧ್ಯಯನ ನಡೆಸಿದ್ದರು. 2006ರಲ್ಲಿ ಜೈವಿಕ ಗೊಬ್ಬರಗಳು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಸೇರಿದವು. ಪುಡಿಯಾದರೆ ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಕೋಶ ಇರಬೇಕೆಂಬ ನಿಯಮ ಬಂತು. ಸತ್ತ ಪುಡಿಯೂ ಬದುಕಿದ ಪುಡಿಯೂ ಕಣ್ಣಿಗೆ ಒಂದೇ ಆದ್ದರಿಂದ ಈ ನಿಯಮ ಬೇಕೇ ಇತ್ತು.

ಎಲ್ಲ ಬೆಳೆಗೂ ಒಂದೇ ತಳಿ ಸಲ್ಲದು. ಸೋಯಾ ಅವರೆಗೆ ಬೇಕಾದ ಬ್ರ್ಯಾಡಿರೈಜೋಬಿಯಂ ಎಂಬ ಜೀವಾಣು ಕಡಲೆಗೆ ಉಪಯೋಗಕ್ಕೆ ಬಾರದು. ಬಿತ್ತುವ ಮುನ್ನ ಬೆಲ್ಲದ ಅಂಟುನೀರಿಗೆ ಪೊಟ್ಟಣದ ಕಪ್ಪು ಪುಡಿ ಬೆರೆಸಿ, ಬೀಜಕ್ಕೆ ಸವರಿ, ನೆರಳಿನಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಹರವಿದರೆ ಶ್ರಮ ವ್ಯರ್ಥ. ಹೂ ಬಿಡುವ ಹೊತ್ತಿಗೆ ಗಿಡ ಕಿತ್ತು ಗಂಟನ್ನು ಉಗುರಿನಿಂದ ಸೀಳಿ ನೋಡಬೇಕು: ಒಳಗೆ ನಸುಗೆಂಪಿದ್ದರೆ ಸಾರಜನಕ ಸ್ಥಿರೀಕರಣ ನಡೆದಿದೆ, ಬಿಳಿಚಿಕೊಂಡಿದ್ದರೆ ಗಂಟು ಹೆಸರಿಗೆ ಮಾತ್ರ.