ರಾಜಿ ಪಂಚಾಯ್ತಿಗೆ ಕರೆಯದವರು: ಅಮೆರಿಕದ 1876ರ ಚುನಾವಣೆ

ಚುನಾವಣೆಯಲ್ಲಿ ಕಚ್ಚಾಡಿದವರು ಮತ್ತೆ ಒಂದಾಗಬಲ್ಲರೇ? ಬಿರುಸಿನ ಚುನಾವಣೆಯೊಂದು ಮುಗಿದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಅಮೆರಿಕದ 2020ರ ಫಲಿತಾಂಶವನ್ನು ಸೋತವರು ಒಪ್ಪದೆ ಹೋದಾಗ ಟೆಡ್ ಕ್ರೂಜ್ ಮತ್ತವರ ಜೊತೆಗಾರ ಸೆನೆಟರ್‌ಗಳು 2021ರ ಜನವರಿಯಲ್ಲಿ ಹಳೆಯದೊಂದು ಉದಾಹರಣೆಯನ್ನು ಮುಂದಿಟ್ಟರು. 1877ರಲ್ಲಿ ಮಾಡಿದಂತೆ ಒಂದು ಆಯೋಗ ರಚಿಸಿ ವಿವಾದ ಬಗೆಹರಿಸೋಣ ಎಂಬುದು ಅವರ ಸಲಹೆ. 1877ರಲ್ಲಿ ಎದುರಾಳಿಗಳು ರಾಜಿಯಾದದ್ದು ನಿಜ. ಆದರೆ ಆ ರಾಜಿಗೆ ದಂಡ ತೆತ್ತವರು ಯಾರು ಎಂದು ಕೇಳದೆ ಅದನ್ನು ಮಾದರಿ ಎನ್ನಲಾಗದು.

ಹಿನ್ನೆಲೆ ಇಷ್ಟು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ಗುಲಾಮಗಿರಿ ರದ್ದಾಗಿ, 1870ರಲ್ಲಿ ಸಂವಿಧಾನದ ಹದಿನೈದನೆಯ ತಿದ್ದುಪಡಿಯಿಂದ ಕಪ್ಪು ಗಂಡಸರಿಗೆ ಮತದ ಹಕ್ಕು ಖಾತ್ರಿಯಾಯಿತು. ಅದೇ ವರ್ಷ ಮಿಸಿಸಿಪ್ಪಿಯ ಹೈರಮ್ ರೆವೆಲ್ಸ್ ಸೆನೆಟ್ ಪ್ರವೇಶಿಸಿದ ಮೊದಲ ಕಪ್ಪು ವ್ಯಕ್ತಿಯಾದರು. ಇಂದಿನ ಅಮೆರಿಕವನ್ನು ತಲೆಯಲ್ಲಿಟ್ಟುಕೊಂಡು ಓದಿದರೆ ಇಲ್ಲಿ ಗೊಂದಲವಾಗುತ್ತದೆ. ಆಗ ರಿಪಬ್ಲಿಕನ್ ಪಕ್ಷವೆಂದರೆ ಲಿಂಕನ್ ಅವರ ಪಕ್ಷ. ಕಪ್ಪು ಜನರ ಮತ ಬೀಳುತ್ತಿದ್ದುದು ಅದಕ್ಕೆ. ದಕ್ಷಿಣದ ಬಹುಪಾಲು ಬಿಳಿಯರು ಡೆಮಾಕ್ರಟಿಕ್ ಪಕ್ಷದವರು.

ಸೌತ್ ಕ್ಯಾರೊಲಿನಾದಲ್ಲಿ ಕಪ್ಪು ಜನರೇ ಬಹುಸಂಖ್ಯಾತರು. ಅವರನ್ನು ಮತಗಟ್ಟೆಯಿಂದ ದೂರವಿಡದೆ ಅಲ್ಲಿ ಡೆಮಾಕ್ರಾಟರು ಗೆಲ್ಲುವುದು ಕಷ್ಟವಿತ್ತು. 1876ರ ಜುಲೈನಲ್ಲಿ ಅಲ್ಲಿನ ಹ್ಯಾಂಬರ್ಗ್ ಎಂಬ ಊರಿನಲ್ಲಿ ಬಿಳಿಯರ ಸಶಸ್ತ್ರ ಗುಂಪೊಂದು ಕಪ್ಪು ಜನರ ಕಾವಲು ಪಡೆಯ ಮೇಲೆ ಬಿತ್ತು. ಸೆರೆಸಿಕ್ಕವರಲ್ಲಿ ಕೆಲವರನ್ನು ಹೆಸರಿಟ್ಟು ಕರೆದು ಗುಂಡಿಕ್ಕಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಚುನಾವಣೆಗೆ ಇನ್ನು ನಾಲ್ಕು ತಿಂಗಳಷ್ಟೇ ಇತ್ತು.

ನವೆಂಬರ್ 7ರಂದು ಮತದಾನ ನಡೆಯಿತು. ನ್ಯೂಯಾರ್ಕಿನ ಗವರ್ನರ್ ಸ್ಯಾಮ್ಯುಯೆಲ್ ಟಿಲ್ಡನ್ ಡೆಮಾಕ್ರಟಿಕ್ ಅಭ್ಯರ್ಥಿ, ಒಹಾಯೊದ ಗವರ್ನರ್ ರದರ್‌ಫೋರ್ಡ್ ಹೇಯ್ಸ್ ರಿಪಬ್ಲಿಕನ್ ಅಭ್ಯರ್ಥಿ. ಜನರ ನೇರ ಮತಗಳಲ್ಲಿ ಟಿಲ್ಡನ್ ಸುಮಾರು ಎರಡೂವರೆ ಲಕ್ಷ ಮುಂದಿದ್ದರು. ಆದರೆ ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳ ಪಾಲಿಗೆ ಹಂಚಿದ ಎಲೆಕ್ಟೋರಲ್ ಮತಗಳು. ಗೆಲ್ಲಲು 185 ಬೇಕು. ಟಿಲ್ಡನ್‌ಗೆ 184, ಹೇಯ್ಸ್‌ಗೆ 165. ಉಳಿದ 20 ವಿವಾದಕ್ಕೆ ಸಿಲುಕಿದವು: ಫ್ಲೋರಿಡಾದ 4, ಲೂಯಿಸಿಯಾನಾದ 8, ಸೌತ್ ಕ್ಯಾರೊಲಿನಾದ 7, ಆರೆಗಾನ್‌ನ 1. ದಕ್ಷಿಣದ ಆ ಮೂರೂ ರಾಜ್ಯಗಳಿಂದ ಎರಡೆರಡು ಫಲಿತಾಂಶಗಳು ವಾಷಿಂಗ್ಟನ್ ತಲುಪಿದವು. ಟಿಲ್ಡನ್ ಗೆಲ್ಲದಿದ್ದರೆ ರಕ್ತ ಹರಿಯುತ್ತದೆ ಎಂಬ ಕೂಗು ಎದ್ದಿತು.

1877ರ ಜನವರಿಯಲ್ಲಿ ಕಾಂಗ್ರೆಸ್ಸು ಐವರು ಸೆನೆಟರ್‌ಗಳು, ಪ್ರತಿನಿಧಿ ಸಭೆಯ ಐವರು ಸದಸ್ಯರು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಸೇರಿದ ಹದಿನೈದು ಜನರ ಆಯೋಗ ರಚಿಸಿತು. ಯಾವ ಪಕ್ಷಕ್ಕೂ ಸೇರದವರೆಂದು ಎಲ್ಲರೂ ನಂಬಿದ್ದ ನ್ಯಾಯಮೂರ್ತಿ ಡೇವಿಡ್ ಡೇವಿಸ್ ಅಷ್ಟರಲ್ಲಿ ಸೆನೆಟ್‌ಗೆ ಆಯ್ಕೆಯಾಗಿ ದೂರ ಸರಿದರು. ಅವರ ಜಾಗಕ್ಕೆ ಬಂದ ಜೋಸೆಫ್ ಬ್ರಾಡ್ಲಿ ರಿಪಬ್ಲಿಕನ್. ವಿವಾದದ ಇಪ್ಪತ್ತೂ ಮತಗಳು 8–7ರ ಅಂತರದಲ್ಲಿ ಹೇಯ್ಸ್ ಪಾಲಾದವು. ಒಟ್ಟು ಲೆಕ್ಕ 185–184. ನಿಷ್ಪಕ್ಷಪಾತಕ್ಕೆಂದು ಕಟ್ಟಿದ ಆಯೋಗ ಪಕ್ಷದ ಗೆರೆಯನ್ನು ಒಮ್ಮೆಯೂ ದಾಟಲಿಲ್ಲ.

ಡೆಮಾಕ್ರಾಟರು ಪ್ರತಿನಿಧಿ ಸಭೆಯಲ್ಲಿ ಎಣಿಕೆಯನ್ನು ಎಳೆದಾಡಿ ತಡ ಮಾಡತೊಡಗಿದರು. ಫೆಬ್ರವರಿ 26ರಂದು ವಾಷಿಂಗ್ಟನ್ನಿನ ವರ್ಮ್ಲಿ ಹೋಟೆಲಿನಲ್ಲಿ ಎರಡೂ ಕಡೆಯವರು ಕೂತು ಮಾತಾಡಿದರು. ಹೇಯ್ಸ್ ಅಧ್ಯಕ್ಷರಾಗಲಿ, ದಕ್ಷಿಣದ ರಿಪಬ್ಲಿಕನ್ ಸರ್ಕಾರಗಳಿಗೆ ಕಾವಲಿದ್ದ ಕೇಂದ್ರದ ಸೈನಿಕರು ಹಿಂದೆ ಸರಿಯಲಿ ಎಂಬುದು ಮಾತಿನ ಸಾರ. ಆ ಒಂದು ಸಭೆಯೇ ಎಲ್ಲವನ್ನೂ ತೀರ್ಮಾನಿಸಿತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಮುಂದೆ ನಡೆದದ್ದರ ಬಗ್ಗೆ ಇಲ್ಲ. ಮಾರ್ಚ್ 2ರಂದು ಎಣಿಕೆ ಮುಗಿಯಿತು. ಏಪ್ರಿಲ್‌ನಲ್ಲಿ ಸೌತ್ ಕ್ಯಾರೊಲಿನಾ ಮತ್ತು ಲೂಯಿಸಿಯಾನಾದ ಶಾಸನಭವನಗಳ ಬಳಿಯಿಂದ ಸೈನಿಕರು ತೆರಳಿದರು. ಎರಡೂ ಸರ್ಕಾರಗಳು ಡೆಮಾಕ್ರಾಟರ ಕೈಗೆ ಹೋದವು. ಆ ಹೋಟೆಲಿನ ಮಾಲೀಕ ಜೇಮ್ಸ್ ವರ್ಮ್ಲಿ ಕಪ್ಪು ಜನಾಂಗದವರು. ಅವರ ಜನರ ಹಣೆಬರಹ ಅವರದೇ ಹೋಟೆಲಿನಲ್ಲಿ ಚರ್ಚೆಗೆ ಬಂತು; ಆ ಜನರ ಪರವಾಗಿ ಅಲ್ಲಿ ಕೂರಲು ಮಾತ್ರ ಯಾರಿಗೂ ಕರೆಯಿರಲಿಲ್ಲ.

ಹೇಯ್ಸ್ ಕೆಟ್ಟ ಮನುಷ್ಯರೇನಲ್ಲ. ಒಗ್ಗಟ್ಟಿನ ಬಗ್ಗೆ ಅವರಿಗೆ ನಿಜವಾದ ಕಾಳಜಿಯಿತ್ತು. ದಕ್ಷಿಣದ ಸೈನ್ಯದಲ್ಲಿ ಹೋರಾಡಿದ್ದ ಡೇವಿಡ್ ಕೀ ಅವರನ್ನು ಸಂಪುಟಕ್ಕೆ ಸೇರಿಸಿಕೊಂಡರು. ಸೆಪ್ಟೆಂಬರಿನಲ್ಲಿ ಅಟ್ಲಾಂಟಾಕ್ಕೆ ಹೋಗಿ, ಕೇಂದ್ರದ ಹಸ್ತಕ್ಷೇಪಕ್ಕಿಂತ ದಕ್ಷಿಣದ ಬಿಳಿಯರ ಸದ್ಭಾವನೆಯಲ್ಲೇ ಕಪ್ಪು ಜನರ ಹಕ್ಕು ಹೆಚ್ಚು ಭದ್ರ ಎಂಬರ್ಥದ ಮಾತಾಡಿದರು. ಆದರೆ ಹಕ್ಕನ್ನು ಸದ್ಭಾವನೆಯ ವಶಕ್ಕೆ ಕೊಟ್ಟ ಮೇಲೆ ಅದು ಹಕ್ಕಾಗಿ ಉಳಿಯುವುದಿಲ್ಲ. ಲೂಯಿಸಿಯಾನಾದಲ್ಲಿ 1896ರಲ್ಲಿ 1,30,334 ಕಪ್ಪು ಮತದಾರರು ನೋಂದಾಯಿಸಿದ್ದರು. 1898ರ ರಾಜ್ಯ ಸಂವಿಧಾನ ಅಕ್ಷರ ಪರೀಕ್ಷೆ, ಆಸ್ತಿಯ ಷರತ್ತುಗಳನ್ನು ತಂದ ನಂತರ, 1904ರಲ್ಲಿ ಉಳಿದವರು 1,342.

ಹಾಗಾದರೆ ಮತ್ತೊಂದು ಅಂತರ್ಯುದ್ಧವೇ ಲೇಸಾಗಿತ್ತೇ ಎಂದು ಓದುಗರು ಕೇಳಬಹುದು. ಸರಿಯಾದ ಪ್ರಶ್ನೆ. ಸೋತ ಟಿಲ್ಡನ್ ಬೆಂಬಲಿಗರನ್ನು ಬೀದಿಗಿಳಿಸಲಿಲ್ಲ. ಅದು ಸಣ್ಣ ಸಂಗತಿಯಲ್ಲ. ಆದರೆ ಸೋಲನ್ನು ಒಪ್ಪಿಕೊಳ್ಳುವುದು ಬೇರೆ, ಅದನ್ನು ಒಪ್ಪಿಸಲು ಮೂರನೆಯವರ ಹಕ್ಕನ್ನು ಬಿಟ್ಟುಕೊಡುವುದು ಬೇರೆ. ಅಧಿಕಾರ, ಹುದ್ದೆ, ರೈಲುಮಾರ್ಗದ ಅನುದಾನ ಇವುಗಳಲ್ಲಿ ಕೊಡು-ಕೊಳ್ಳುವಿಕೆ ಇರಲಿ, ಅದು ರಾಜಕಾರಣ. ಇನ್ನೊಬ್ಬರ ಮತಪತ್ರ ಹಾಗೆ ಕೊಟ್ಟು ಕೊಳ್ಳುವ ವಸ್ತುವಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವೆ. ಇಲ್ಲಿ ದೊಡ್ಡವರು ಜಗಳವಾಡಿದಷ್ಟು ಕಾಲ ಮೂರನೆಯವರಿಗೆ ಮತವಿತ್ತು. ಅವರು ರಾಜಿಯಾದ ಮೇಲೆ ಅದು ಹೋಯಿತು.

1901ರ ಜನವರಿಯಲ್ಲಿ ನಾರ್ತ್ ಕ್ಯಾರೊಲಿನಾದ ಜಾರ್ಜ್ ವೈಟ್ ಪ್ರತಿನಿಧಿ ಸಭೆಯಲ್ಲಿ ವಿದಾಯ ಭಾಷಣ ಮಾಡಿದರು. ಆಗ ಕಾಂಗ್ರೆಸ್ಸಿನಲ್ಲಿ ಉಳಿದಿದ್ದ ಏಕೈಕ ಕಪ್ಪು ಸದಸ್ಯ ಅವರು. ಇದು ತಮ್ಮ ಜನರ ತಾತ್ಕಾಲಿಕ ವಿದಾಯವಷ್ಟೇ, ಮುಂದೊಂದು ದಿನ ಎದ್ದು ಬರುತ್ತೇವೆ ಎಂದು ಹೇಳಿ ಹೋದರು. ದಕ್ಷಿಣದ ರಾಜ್ಯಗಳಿಂದ ಮತ್ತೆ ಕಪ್ಪು ಸದಸ್ಯರು, ಟೆಕ್ಸಸ್‌ನ ಬಾರ್ಬರಾ ಜೋರ್ಡನ್ ಮತ್ತು ಜಾರ್ಜಿಯಾದ ಆಂಡ್ರ್ಯೂ ಯಂಗ್, ಆ ಸಭೆಗೆ ಕಾಲಿಟ್ಟದ್ದು 1973ರಲ್ಲಿ. ಅದಕ್ಕೂ ಮೊದಲು ದೊಡ್ಡ ಚಳವಳಿಯೊಂದು ನಡೆದು, 1965ರ ಮತದಾನ ಹಕ್ಕು ಕಾಯಿದೆ ಬರಬೇಕಾಯಿತು. ಆ ಕಾಯಿದೆಯಡಿ ದಕ್ಷಿಣಕ್ಕೆ ಹೋದವರು ಮತದಾರರ ಹೆಸರು ಬರೆದುಕೊಳ್ಳುವ ಕೇಂದ್ರದ ಅಧಿಕಾರಿಗಳು. ಒಗ್ಗಟ್ಟಿನ ಹೆಸರಿನಲ್ಲಿ 1877ರಲ್ಲಿ ವಾಷಿಂಗ್ಟನ್ ಕೈಬಿಟ್ಟ ಕೆಲಸ ಅದೇ.