ಎಂಪಿಸಿ60
ಜಪಾನಿನ ಅಕಾಯ್ ಕಂಪನಿ 1988ರಲ್ಲಿ ಹೊರತಂದ ಸ್ಯಾಂಪ್ಲರ್ (ಧ್ವನಿ ಹಿಡಿದು ಮತ್ತೆ ನುಡಿಸುವ ಯಂತ್ರ) ಮತ್ತು ಡ್ರಮ್ ಮಷೀನ್. ವಿನ್ಯಾಸ ಅಮೆರಿಕದ ರೋಜರ್ ಲಿನ್ ಅವರದು. ಇದರ 16 ರಬ್ಬರ್ ಪ್ಯಾಡ್‌ಗಳು ಬೆರಳಿನ ಪೆಟ್ಟು ಮೆಲ್ಲಗೋ ಜೋರೋ ಎಂಬುದನ್ನು ಗ್ರಹಿಸಿ ಅದಕ್ಕೆ ತಕ್ಕಂತೆ ನುಡಿಯುತ್ತವೆ. 12 ಬಿಟ್, 40 ಕಿಲೋಹರ್ಟ್ಸ್‌ನಲ್ಲಿ ಧ್ವನಿ ಹಿಡಿಯುವ ಈ ಯಂತ್ರದ ಮೂಲ ಮೆಮೊರಿಯಲ್ಲಿ ಸುಮಾರು 13 ಸೆಕೆಂಡಿನ ಸದ್ದಿಗಷ್ಟೇ ಜಾಗ. ಆದರೂ ಹಿಪ್‌ಹಾಪ್ ಸಂಗೀತಗಾರರು ಇದನ್ನು ಹಚ್ಚಿಕೊಂಡರು. ಇದರ ನಿಜವಾದ ಹಿರಿಮೆ ‘ಸ್ವಿಂಗ್’: ಸಮ ಅಂತರದ ಪೆಟ್ಟುಗಳಲ್ಲಿ ಒಂದು ಬಿಟ್ಟು ಒಂದನ್ನು ಕೊಂಚ ತಡಮಾಡಿ, ಯಂತ್ರದ ತಾಳಕ್ಕೆ ನುಡಿಸುವ ಕೈಯ ಲಯ ತರುವ ಸೌಲಭ್ಯ. ಒರಟು, ಗರಗರ ಸದ್ದು ಬೇಕಾದವರು ಸುಮಾರು 26 ಕಿಲೋಹರ್ಟ್ಸ್‌ನ ಇ-ಮು ಕಂಪನಿಯ ಎಸ್‌ಪಿ-1200 (1987) ಸ್ಯಾಂಪ್ಲರನ್ನು ಮೆಚ್ಚಿದರು. ಹಿಪ್‌ಹಾಪ್ ಸಂಗೀತಗಾರ ಡಿಜೆ ಶ್ಯಾಡೋ 1996ರ ತಮ್ಮ ಮೊದಲ ಆಲ್ಬಮ್ಮನ್ನು ಬಹುಪಾಲು ಎಂಪಿಸಿ60ರಲ್ಲೇ ಕಟ್ಟಿದರು. ಹಳೆಯ ಯಂತ್ರ ಕೊಳ್ಳುವವರು ಮೊದಲು ಪ್ಯಾಡ್‌ಗಳನ್ನೂ ಸದ್ದುಗಳನ್ನು ಉಳಿಸಿಡುವ ಫ್ಲಾಪಿ ಡ್ರೈವನ್ನೂ ಪರೀಕ್ಷಿಸಬೇಕು.